ಆಡು ಮಾಡಿದ ಪಾಪವೇನು?

ಕುರಿ ಎಂದರೆ ಸಜ್ಜನ, ಆಡು ಎಂದರೆ ದುರ್ಜನ ಎಂಬ ಹಂಚಿಕೆ ಕ್ರೈಸ್ತ ಬೋಧನೆಯಲ್ಲಿ ಬಹುಕಾಲದಿಂದ ಬೇರೂರಿದೆ. ಇದಕ್ಕೆ ಆಧಾರ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದ ಕೊನೆಯ ಭಾಗ. ಮನುಷ್ಯಕುಮಾರನು ಮಹಿಮೆಯಿಂದ ಬಂದು ಸಿಂಹಾಸನದ ಮೇಲೆ ಕೂರುತ್ತಾನೆ. ಎಲ್ಲ ಜನಾಂಗಗಳೂ ಅವನೆದುರು ಸೇರುತ್ತವೆ. ಕುರುಬನು ಕುರಿಗಳನ್ನೂ ಆಡುಗಳನ್ನೂ ಬೇರೆ ಮಾಡುವಂತೆ ಅವನು ಜನರನ್ನು ಬಲಕ್ಕೂ ಎಡಕ್ಕೂ ನಿಲ್ಲಿಸುತ್ತಾನೆ. ಕುರಿಗಳ ಪಾಲಿಗೆ ದೇವರ ರಾಜ್ಯ, ಆಡುಗಳ ಪಾಲಿಗೆ ಆರದ ಬೆಂಕಿ. ಈ ಚಿತ್ರ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿತೆಂದರೆ, ಆಡು ಹುಟ್ಟಿನಿಂದಲೇ ಪಾಪದ ಪ್ರಾಣಿ ಎಂಬ ನಂಬಿಕೆ ಬೆಳೆಯಿತು. ಆದರೆ ಬೈಬಲನ್ನು ಮೊದಲಿನಿಂದ ಓದುತ್ತ ಬಂದರೆ ಆಡಿನ ಮೇಲಿನ ಈ ಅಪವಾದಕ್ಕೆ ಆಧಾರ ಸಿಗುವುದಿಲ್ಲ. ಅಷ್ಟೇ ಆಗಿದ್ದರೆ ಒಂದು ಪ್ರಾಣಿಯ ಮಾನದ ಪ್ರಶ್ನೆ ಎಂದು ಬಿಟ್ಟುಬಿಡಬಹುದಿತ್ತು. ಆಡನ್ನು ಹುಟ್ಟಾ ಕೆಟ್ಟದ್ದೆಂದು ಒಪ್ಪಿಕೊಂಡರೆ ಆ ಸಾಮ್ಯದ ತಿರುಳೇ ಕೈತಪ್ಪಿಹೋಗುತ್ತದೆ ಎಂಬುದು ನನ್ನ ವಾದ.

ಬೈಬಲಿನ ನಾಡಿನಲ್ಲಿ ಕುರಿ, ಆಡು ಒಂದೇ ಹಿಂಡಿನಲ್ಲಿ ಮೇಯುತ್ತಿದ್ದವು. ನಮ್ಮ ಬಯಲುಸೀಮೆಯ ಕುರಿಗಾಹಿಗಳ ಹಿಂಡು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಕುರಿ ಸಾಮಾನ್ಯವಾಗಿ ಬಿಳಿ, ಆಡು ಕಪ್ಪು. ಆದಿಕಾಂಡದ 30ನೇ ಅಧ್ಯಾಯದಲ್ಲಿ ಯಾಕೋಬನು ಮಾವ ಲಾಬಾನನ ಬಳಿ ಕೂಲಿಯಾಗಿ ಕಪ್ಪು ಕುರಿಮರಿಗಳನ್ನೂ ಚುಕ್ಕೆ ಮಚ್ಚೆಯ ಆಡುಗಳನ್ನೂ ಕೇಳುತ್ತಾನೆ. ಅಂಥವು ಅಪರೂಪವಾದ್ದರಿಂದಲೇ ಲಾಬಾನ ತಟ್ಟನೆ ಒಪ್ಪಿಕೊಳ್ಳುತ್ತಾನೆ. ಆ ಜನರ ಬದುಕಿಗೆ ಆಡು ಕುರಿಯಷ್ಟೇ ಬೇಕಾದದ್ದಾಗಿತ್ತು. ಮನೆಮಂದಿಗೆಲ್ಲ ಸಾಕಾಗುವಷ್ಟು ಆಡಿನ ಹಾಲಿರುವುದು ಜ್ಞಾನೋಕ್ತಿಗಳ ಪ್ರಕಾರ ಸಮೃದ್ಧಿಯ ಲಕ್ಷಣ. ಮರುಭೂಮಿಯಲ್ಲಿ ಎತ್ತಿದ ದೇವದರ್ಶನದ ಗುಡಾರಕ್ಕೆ ಹೊದಿಸಿದ್ದು ಆಡಿನ ಕೂದಲಿನಿಂದ ನೇಯ್ದ 11 ಪರದೆಗಳನ್ನು. ಈಜಿಪ್ಟಿನಿಂದ ಬಿಡುಗಡೆಯಾದ ರಾತ್ರಿ ಇಸ್ರಾಯೇಲರು ಪಸ್ಕದ ಬಲಿಗೆ ಆರಿಸಬೇಕಿದ್ದ ಮರಿಗೆ ವಿಧಿಸಿದ ನಿಯಮಗಳು ಸರಳ: ಒಂದು ವರ್ಷದ್ದಿರಬೇಕು, ಗಂಡಾಗಿರಬೇಕು, ಊನವಿರಬಾರದು. ಅದು ಕುರಿಯಾದರೂ ಸರಿ, ಆಡಾದರೂ ಸರಿ ಎಂದು ವಿಮೋಚನಕಾಂಡ ಸ್ಪಷ್ಟವಾಗಿ ಹೇಳುತ್ತದೆ.

ಆಡಿಗೆ ಸಿಕ್ಕ ಅತಿ ದೊಡ್ಡ ಸ್ಥಾನ ಯಾಜಕಕಾಂಡದ 16ನೇ ಅಧ್ಯಾಯದಲ್ಲಿದೆ. ವರ್ಷಕ್ಕೊಮ್ಮೆ ಬರುವ ಪ್ರಾಯಶ್ಚಿತ್ತದ ದಿನ ಮಹಾಯಾಜಕನು ಜನರಿಂದ ಎರಡು ಹೋತಗಳನ್ನು ಪಡೆದು, ಗುಡಾರದ ಬಾಗಿಲಲ್ಲಿ ನಿಲ್ಲಿಸಿ ಚೀಟಿ ಹಾಕುತ್ತಾನೆ. ಒಂದು ಯೆಹೋವನಿಗೆ, ಇನ್ನೊಂದು ಅಜಾಜೇಲನಿಗೆ. ಮೊದಲನೆಯದನ್ನು ಕೊಂದು ಅದರ ರಕ್ತವನ್ನು ಪರದೆಯ ಒಳಗೆ, ಮಹಾಪವಿತ್ರ ಸ್ಥಳಕ್ಕೆ ಒಯ್ದು ಕೃಪಾಸನದ ಮೇಲೆ ಚಿಮುಕಿಸುತ್ತಾನೆ. ಜೀವಂತ ಉಳಿದ ಹೋತದ ತಲೆಯ ಮೇಲೆ ಎರಡೂ ಕೈಗಳನ್ನಿಟ್ಟು ಜನರ ಎಲ್ಲ ಅಪರಾಧಗಳನ್ನೂ ಒಪ್ಪಿಕೊಳ್ಳುತ್ತಾನೆ. ಆಮೇಲೆ ಒಬ್ಬ ಆಳು ಅದನ್ನು ಕಾಡಿಗೆ ಹೊಡೆದುಕೊಂಡು ಹೋಗಿ ಬಿಡುತ್ತಾನೆ. ಇಲ್ಲಿ ಪಾಪ ಮಾಡಿದವರು ಮನುಷ್ಯರು, ಹೊತ್ತದ್ದು ಆಡು. ಎರಡನೇ ಶತಮಾನದ ಮೊದಲರ್ಧದೊಳಗೆ ಬರೆದದ್ದೆಂದು ವಿದ್ವಾಂಸರು ಗುರುತಿಸುವ ‘ಬಾರ್ನಬನ ಪತ್ರ’ ಎಂಬ ಕ್ರೈಸ್ತ ಬರಹ ಈ ಎರಡೂ ಹೋತಗಳಲ್ಲಿ ಕ್ರಿಸ್ತನ ಮುನ್ಸೂಚನೆಯನ್ನೇ ಕಂಡಿತು. ಆದಿ ಕ್ರೈಸ್ತರಿಗೆ ಆಡು ಹೊಲಸೆನಿಸಿದ್ದರೆ ತಮ್ಮ ಪ್ರಭುವನ್ನು ಅದರಲ್ಲಿ ಕಾಣುವ ಧೈರ್ಯ ಅವರಿಗೆ ಬರುತ್ತಿರಲಿಲ್ಲ.

ಇನ್ನು ಕುರಿಯ ಕಡೆ ನೋಡೋಣ. ಕ್ರಿಸ್ತನನ್ನು ‘ದೇವರ ಕುರಿಮರಿ’ ಎಂದು ಕರೆದಿರುವುದು, ವಿಶ್ವಾಸಿಗಳನ್ನು ಒಳ್ಳೆಯ ಕುರುಬನ ಹಿಂಡೆಂದು ಬಣ್ಣಿಸಿರುವುದು ನಿಜ. ಆದ್ದರಿಂದ ಕುರಿಗೆ ಬೈಬಲಿನಲ್ಲಿ ಒಂದು ಕೈ ಹೆಚ್ಚಿನ ಮರ್ಯಾದೆ ಇದೆ ಎಂದು ಯಾರಾದರೂ ಆಕ್ಷೇಪಿಸಿದರೆ ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕುರಿಯಾದ ಮಾತ್ರಕ್ಕೆ ಒಳ್ಳೆಯದೆಂದು ಆ ಗ್ರಂಥ ಎಲ್ಲೂ ಹೇಳುವುದಿಲ್ಲ. ಯೆಶಾಯನ ಪ್ರವಾದನೆಯಲ್ಲಿ ಕುರಿ ದಾರಿತಪ್ಪಿದ ಜನರ ಗುರುತು. ಮತ್ತಾಯನ ಸುವಾರ್ತೆಯಲ್ಲೇ ಕುರಿವೇಷದ ತೋಳಗಳ ಎಚ್ಚರಿಕೆಯಿದೆ. ಪ್ರಕಟಣೆ ಗ್ರಂಥದ 13ನೇ ಅಧ್ಯಾಯದಲ್ಲಿ ಜನರನ್ನು ಮರುಳುಗೊಳಿಸುವ ಮೃಗಕ್ಕೆ ಕುರಿಮರಿಯಂಥ ಎರಡು ಕೊಂಬುಗಳಿವೆ, ಮಾತು ಮಾತ್ರ ಘಟಸರ್ಪದ್ದು. ಎಲ್ಲಕ್ಕಿಂತ ಖಂಡಿತವಾದ ಸಾಕ್ಷಿ ಯೆಹೆಜ್ಕೇಲನ 34ನೇ ಅಧ್ಯಾಯ. ಅಲ್ಲಿ ದೇವರು ಕುರಿಕುರಿಗಳ ನಡುವೆಯೇ ನ್ಯಾಯ ತೀರಿಸುತ್ತೇನೆ ಎನ್ನುತ್ತಾನೆ. ಕೊಬ್ಬಿದ ಕುರಿಗಳು ಒಳ್ಳೆಯ ಹುಲ್ಲು ಮೇದು ಮಿಕ್ಕದ್ದನ್ನು ತುಳಿದು ಹಾಕಿವೆ. ತಿಳಿನೀರು ಕುಡಿದು ಉಳಿದದ್ದನ್ನು ಕಾಲಿನಿಂದ ಕದಡಿವೆ. ಬಡಕಲು ಕುರಿಗಳನ್ನು ಹೆಗಲಿನಿಂದ ನೂಕಿ ಕೊಂಬಿನಿಂದ ಹಾದು ಚದರಿಸಿವೆ. ಮತ್ತಾಯನ ಸಾಮ್ಯಕ್ಕೆ ಹಿನ್ನೆಲೆಯಾದ ಈ ಅಧ್ಯಾಯದಲ್ಲಿ ತೀರ್ಪಿಗೆ ಕಾರಣ ದುರ್ಬಲರನ್ನು ನಡೆಸಿಕೊಂಡ ರೀತಿ. ಪ್ರಾಣಿಯ ಜಾತಿ ಅಲ್ಲಿ ತೀರ್ಪಿಗೆ ಕಾರಣವಲ್ಲ.

ಇದಕ್ಕೆ ಎದುರಾಗಿ ಯಾಜಕಕಾಂಡದ 17ನೇ ಅಧ್ಯಾಯವನ್ನು ತೋರಿಸಬಹುದು: ಆಡಿನ ರೂಪದ ದೆವ್ವಗಳಿಗೆ ಬಲಿ ಕೊಡಬಾರದೆಂಬ ಆಜ್ಞೆ ಅಲ್ಲಿದೆ. ಅದು ಅನ್ಯಪೂಜೆಗೆ ಹಾಕಿದ ತಡೆ. ಹಿಂದಿನ ಅಧ್ಯಾಯದಲ್ಲಷ್ಟೇ ಹೋತದ ರಕ್ತವನ್ನು ಮಹಾಪವಿತ್ರ ಸ್ಥಳಕ್ಕೆ ಬಿಟ್ಟುಕೊಂಡ ಗ್ರಂಥ, ಪುಟ ತಿರುವುವಷ್ಟರಲ್ಲಿ ಆ ಪ್ರಾಣಿಯನ್ನೇ ಅಶುದ್ಧ ಮಾಡಲಾರದು. ಬಂಗಾರದ ಬಸವನನ್ನು ಪೂಜಿಸಿದ್ದು ಪಾಪವಾದರೂ ಹೋರಿ ಬಲಿಗೆ ಅನರ್ಹವಾಗಲಿಲ್ಲವಷ್ಟೆ.

ಹಾಗಾದರೆ ಆಡು ಸೈತಾನನ ಗುರುತಾದದ್ದು ಎಂದು? ರೋಮಿನ ಪ್ರಿಸಿಲ್ಲಾ ನೆಲಮಾಳಿಗೆಯ ಸಮಾಧಿಗಳಲ್ಲಿ ಮೂರನೇ ಶತಮಾನದ ಒಳ್ಳೆಯ ಕುರುಬನ ಚಿತ್ರವಿದೆ. ಅವನು ಹೆಗಲ ಮೇಲೆ ಹೊತ್ತಿರುವುದು ಆಡನ್ನು. ಇಟಲಿಯ ರವೆನ್ನಾ ನಗರದ ಸಂತ ಅಪೊಲ್ಲಿನಾರೆ ನುವೊವೊ ಚರ್ಚಿನಲ್ಲಿ ಆರನೇ ಶತಮಾನದ ಮೊಸಾಯಿಕ್ ಇದೆ. ನಡುವೆ ಗಡ್ಡವಿಲ್ಲದ ತರುಣ ಕ್ರಿಸ್ತ, ಅವನ ಬಲಕ್ಕೆ ಕೆಂಪು ದೇವದೂತ ಮತ್ತು ಮೂರು ಕುರಿ, ಎಡಕ್ಕೆ ನೀಲಿ ದೇವದೂತ ಮತ್ತು ಮೂರು ಆಡು. ನೀಲಿ ದೂತನೇ ಸೈತಾನನ ಮೊದಲ ಚಿತ್ರ ಎನ್ನುವವರೂ ಇದ್ದಾರೆ. ಆದರೂ ಅಲ್ಲಿನ ಆಡುಗಳಲ್ಲಿ ಯಾವ ವಿಕಾರವೂ ಇಲ್ಲ, ಕುರಿಗಳಷ್ಟೇ ಸೌಮ್ಯವಾಗಿ ನಿಂತಿವೆ. ಮಾಟಗಾತಿಯರ ಸಭೆಯ ನಡುವೆ ಚಿತ್ರಕಾರ ಗೋಯಾ 1798ರ ಹೊತ್ತಿಗೆ ಕೂರಿಸಿದ ದೊಡ್ಡ ಹೋತ, 19ನೇ ಶತಮಾನದ ನಡುಭಾಗದಲ್ಲಿ ಫ್ರಾನ್ಸಿನ ಎಲಿಫಾಸ್ ಲೆವಿ ಬರೆದ ಆಡುತಲೆಯ ಬ್ಯಾಫೊಮೆಟ್, ಇವೆಲ್ಲ ಯೂರೋಪಿನ ನಂತರದ ಭಯ ಮತ್ತು ಕಲ್ಪನೆಗಳ ಕೂಸು. ಅವನ್ನು ಸುವಾರ್ತೆಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಈಗ ಸಾಮ್ಯಕ್ಕೆ ಮರಳಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ: ಕುರಿ ಮತ್ತು ಆಡು ಎರಡೇ ವಚನಗಳಲ್ಲಿ ಬಂದು ಹೋಗಿಬಿಡುತ್ತವೆ. ಅಲ್ಲಿಂದ ಮುಂದೆ ಮಾತಾಡುವವನು ಅರಸ, ನಿಂತವರು ಮನುಷ್ಯರು. ಕುರಿ ಆಡಾಗಲಾರದು, ಆದ್ದರಿಂದ ಮನುಷ್ಯನ ಗತಿಯೂ ಹುಟ್ಟಿನಲ್ಲೇ ತೀರ್ಮಾನವಾಗಿದೆ ಎಂದು ವಾದಿಸುವವರಿಗೆ ಉತ್ತರ ಇಲ್ಲೇ ಇದೆ. ಅರಸನು ಹುಟ್ಟನ್ನು ಕೇಳುವುದಿಲ್ಲ, ಕಾರಣ ಕೊಟ್ಟು ತೀರ್ಪು ಹೇಳುತ್ತಾನೆ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಪರದೇಶಿಗೆ ಆಸರೆ, ಬೆತ್ತಲೆಯವನಿಗೆ ಬಟ್ಟೆ, ರೋಗಿಗೆ ಆರೈಕೆ, ಸೆರೆಯಲ್ಲಿರುವವನಿಗೆ ಭೇಟಿ: ಈ ಆರೇ ಅವನ ಲೆಕ್ಕ. ಆತನ ‘ಅಲ್ಪರಾದ ಸಹೋದರರು’ ಎಂದರೆ ಎಲ್ಲ ಬಡವರೋ ಕ್ರಿಸ್ತನ ಶಿಷ್ಯರು ಮಾತ್ರವೋ ಎಂಬ ಚರ್ಚೆ ವ್ಯಾಖ್ಯಾನಕಾರರಲ್ಲಿ ಇಂದಿಗೂ ಇದೆ. ಯಾವುದನ್ನು ಒಪ್ಪಿದರೂ ತೂಗಿ ನೋಡುವುದು ಇವೇ ಆರು ಕೆಲಸಗಳನ್ನು.

ಬಲಗಡೆಯವರಿಗೂ ಎಡಗಡೆಯವರಿಗೂ ತೀರ್ಪು ಕೇಳಿ ಆಶ್ಚರ್ಯವಾಗುತ್ತದೆ. ನಿನ್ನನ್ನು ಯಾವಾಗ ಕಂಡೆವು ಎಂದು ಎರಡೂ ಕಡೆಯವರು ಕೇಳುತ್ತಾರೆ. ಹಾಗಿದ್ದ ಮೇಲೆ ತಾನು ಕುರಿ, ಪಕ್ಕದವನು ಆಡು ಎಂದು ಈಗಲೇ ಹೇಳಬಲ್ಲವನು ಯಾರು? ಪಂಗಡ ಪಂಗಡಗಳನ್ನು, ಮತ ಮತಗಳನ್ನು ವಿಂಗಡಿಸಲು ಈ ಸಾಮ್ಯವನ್ನು ಬಳಸುವವರು ಅರಸನೊಬ್ಬನಿಗೆ ಮೀಸಲಾದ ಕೆಲಸವನ್ನು ತಾವೇ ಕೈಗೆತ್ತಿಕೊಳ್ಳುತ್ತಾರೆ, ತಮಗೆ ಒಪ್ಪಿಸಿದ ಆರು ಕೆಲಸಗಳನ್ನು ಬದಿಗಿಡುತ್ತಾರೆ. ಎಡಗಡೆಯವರ ಮೇಲೆ ಹೊರಿಸಿದ ತಪ್ಪೂ ಅದೇ: ಅವರು ಯಾರನ್ನೂ ಕೊಂದವರಲ್ಲ, ದೋಚಿದವರಲ್ಲ, ಮಾಡಬೇಕಾದದ್ದನ್ನು ಮಾಡದೆ ಹೋದವರು.