ಮಲೆನಾಡಿನಲ್ಲಿ ಅಗ್ಗದ ಮನೆ!

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು, ಕಟ್ಟಿದ ಮನೆಯನ್ನು ಕೊಂಡು ನೋಡು ಎಂದು ಸೇರಿಸಲಿಲ್ಲ. ಈಗ ಸೇರಿಸಬಹುದಾದ ಕಾಲ ಬಂದಿದೆ. ಸಾಗರ, ಸಿದ್ದಾಪುರ, ತೀರ್ಥಹಳ್ಳಿ, ಕೊಪ್ಪದ ಕಡೆಗಳಲ್ಲಿ ಮಕ್ಕಳೆಲ್ಲ ಬೆಂಗಳೂರನ್ನೋ ಅಮೆರಿಕವನ್ನೋ ಸೇರಿ, ಬೀಗ ಬಿದ್ದ ಹಳೆಯ ಮನೆಗಳು ಒಂದೊಂದಾಗಿ ಮಾರಾಟಕ್ಕೆ ಬರುತ್ತಿವೆ. ರಾಜಧಾನಿಯಲ್ಲಿ ಎರಡು ಕೋಣೆಯ ಫ್ಲ್ಯಾಟಿಗೂ ಸಾಲದ ಹಣಕ್ಕೆ ಅಂಗಳ, ಜಗಲಿ, ಬಾವಿ, ಹಲಸಿನ ಮರಗಳ ಸಹಿತ ಮನೆಯೊಂದು ದೊರೆಯುವುದೆಂದರೆ ಯಾರ ಮನಸ್ಸು ತಾನೇ ಕದಲದು?

ಬೆಲೆ ಇಷ್ಟು ಕಡಿಮೆ ಏಕೆಂದು ವಿಚಾರಿಸಿದರೆ, ಮಧ್ಯವರ್ತಿ ತಲೆಯೆತ್ತಿ ಮಾಡನ್ನು ತೋರಿಸುತ್ತಾನೆ. “ಸ್ವಲ್ಪ ರಿಪೇರಿ ಆಗಬೇಕು ಸ್ವಾಮಿ, ಅಷ್ಟೇ!”

ಅವನ ಮಾತು ಸುಳ್ಳಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅಂತಹ ಸೀಮೆಯಲ್ಲಿ ಮುಂಗಾರಿಗೆ ಮೊದಲು ಪ್ರತಿವರ್ಷವೂ ಹಂಚು ಕೈಯಾಡಿಸಲೇಬೇಕು. ಒಂದೇ ಒಂದು ಒಡೆದ ಹಂಚಿನಿಂದ ಇಳಿದ ನೀರು ಮೊದಲು ರೀಪನ್ನು, ಬಳಿಕ ಪಕಾಸಿಯನ್ನು, ಕೊನೆಗೆ ತೊಲೆಯನ್ನೇ ತಿನ್ನುತ್ತದೆ. ಒಲೆ ಉರಿಯುತ್ತಿದ್ದ ಕಾಲದಲ್ಲಿ ಹೊಗೆಯೇ ಮರಕ್ಕೆ ಕಾವಲಾಗಿತ್ತು. ಒಲೆ ಆರಿದ ಮನೆಗೆ ಗೆದ್ದಲು ಒಡೆಯನಾಗುತ್ತದೆ. ತೊಲೆಯು ಗೋಡೆಯೊಳಗೆ ಸೇರುವ ಭಾಗವನ್ನು ಚಾಕುವಿನ ತುದಿಯಿಂದ ಒತ್ತಿ ನೋಡಿರಿ. ಸಲೀಸಾಗಿ ಇಳಿದರೆ ಒಳಗೆ ಮರವಿಲ್ಲ. ಆದರೂ ಇದು ಪ್ರಾಮಾಣಿಕವಾದ ದೋಷ. ಊರಿನ ಬಡಗಿಯೊಬ್ಬನು ಅರ್ಧ ದಿನದಲ್ಲಿ ಇದರ ಲೆಕ್ಕ ಹೇಳಿಬಿಡುತ್ತಾನೆ. ಕಣ್ಣಿಗೆ ಕಾಣದ ದೋಷಗಳೇ ಬೇರೆ.

ಅಜ್ಜನ ಹೆಸರಿನಲ್ಲಿರುವ ಮನೆಯನ್ನು ಹಿರಿಯ ಮೊಮ್ಮಗನು ಮಾರಲು ಹೊರಟಿದ್ದಾನೆಂದು ಇಟ್ಟುಕೊಳ್ಳೋಣ. ತಮ್ಮಂದಿರ ಒಪ್ಪಿಗೆಯ ಪತ್ರವೂ ಅವನ ಕೈಯಲ್ಲಿದೆ. ಅಕ್ಕತಂಗಿಯರು? “ಅವರನ್ನು ಮದುವೆ ಮಾಡಿ ಕೊಟ್ಟಾಯಿತಲ್ಲ” ಎಂಬ ಉತ್ತರ ಬಂದರೆ ಮುಂಗಡದ ಹಣ ನಿಮ್ಮ ಜೇಬಿನಲ್ಲಿಯೇ ಇರಲಿ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯಂತೆ ಪಿತ್ರಾರ್ಜಿತ ಸೊತ್ತಿನಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟು ಹಕ್ಕುಂಟು. ತಿದ್ದುಪಡಿಯ ವೇಳೆಗೆ ತಂದೆ ಬದುಕಿರಲೇಬೇಕೆಂದಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮವಾಗಿ ಪಾಲಾಗಿದ್ದರೆ ಮಾತು ಬೇರೆ. ಇಲ್ಲಿ ಅನೇಕರು ಸಬ್‌ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರವೊಂದನ್ನೇ ನಂಬಿ ನಿಶ್ಚಿಂತರಾಗುತ್ತಾರೆ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಶಿರಸಿಗೋ ಮುಂಬಯಿಗೋ ಮದುವೆಯಾಗಿ ಹೋದ ತಂಗಿಯ ಹಕ್ಕು ಅದರಲ್ಲಿ ಬರೆದಿರುವುದಿಲ್ಲ. ನಾಡಕಚೇರಿಯ ವಂಶವೃಕ್ಷವನ್ನು ತರಿಸಿರಿ. ಅದರಲ್ಲಿರುವ ಹಕ್ಕುದಾರರೆಲ್ಲರ ಸಹಿಯೂ ಕ್ರಯಪತ್ರದ ಮೇಲೆ ಬೀಳಲಿ. ಒಂದು ಸಹಿ ಕಡಿಮೆಯಾದರೆ, ನೀವು ಕೊಂಡದ್ದು ಮನೆಯೊಂದಿಗೆ ಒಂದು ದಾವೆಯನ್ನೂ.

ಇನ್ನು ಮನೆಯ ಸುತ್ತಲಿನ ಹಸಿರು. “ಹಿಂದಿನ ಬೆಟ್ಟವೂ ನಮ್ಮದೇ” ಎಂದು ಮಾರುವವನು ಕೈ ಬೀಸಿ ತೋರಿಸಿದಾಗ ಪೇಟೆಯವರಿಗೆ ರೋಮಾಂಚನವಾಗುತ್ತದೆ. ಶಿವಮೊಗ್ಗ, ಉತ್ತರ ಕನ್ನಡ ಜಿಲ್ಲೆಗಳ ಸೊಪ್ಪಿನ ಬೆಟ್ಟವು ಅಡಿಕೆ ತೋಟದವರಿಗೆ ಸೊಪ್ಪು ಸದೆ ತರಲು ಬಿಟ್ಟ ಸೌಲಭ್ಯ, ನೆಲ ಸರಕಾರದ್ದು. ತೋಟವಿಲ್ಲದೆ ಮನೆಯನ್ನಷ್ಟೇ ಕೊಂಡವರಿಗೆ ಆ ಬೆಟ್ಟ ನೋಡುವುದಕ್ಕೆ ಮಾತ್ರ. ಮನೆಯು ಗ್ರಾಮಠಾಣಾದೊಳಗೆ ಇದೆಯೇ ಎಂಬುದನ್ನು ಪಂಚಾಯತಿಯ ಇ-ಸ್ವತ್ತು ದಾಖಲೆಯಿಂದಲೂ, ಕಾಡಿಗೆ ತಾಗಿಕೊಂಡಿದ್ದರೆ ಅರಣ್ಯ ಕಾಯಿದೆಯ ಅಧಿಸೂಚನೆಗೆ ಸೇರಿದೆಯೇ ಎಂಬುದನ್ನು ಅರಣ್ಯ ಇಲಾಖೆಯಿಂದಲೂ ತಿಳಿದುಕೊಳ್ಳಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ನೆಲವನ್ನು ಅನುಮತಿಯಿಲ್ಲದೆ ಕೊಂಡರೆ 1978ರ ಕಾಯಿದೆಯಂತೆ ಆ ಕ್ರಯ ಊರ್ಜಿತವಾಗದು. ಅದು ಬಡವನ ನೆಲ. ಅವನಿಗೇ ಮರಳುವುದು ನ್ಯಾಯ.

ನೀರನ್ನೂ ದಾರಿಯನ್ನೂ ಮರೆಯಬಾರದು. ಗುಡ್ಡದಿಂದ ತಾನಾಗಿ ಇಳಿದು ಬರುವ ಅಬ್ಬಿಯ ನೀರು ಬಲು ಸೊಗಸು. ಆದರೆ ಅದರ ಮೂಲ ಯಾರ ಜಮೀನಿನಲ್ಲಿದೆ? ಅಂಗಳಕ್ಕೆ ಕಾರು ಬರುವ ದಾರಿ ನೆರೆಯವರ ತೋಟದ ಮೂಲಕ ಹಾದಿರುವುದಾದರೆ ಕಾಗದದಲ್ಲಿ ಅದರ ಉಲ್ಲೇಖವುಂಟೇ? ಹಳಬರ ನಡುವೆ ಬಾಯಿಮಾತಿನಲ್ಲಿ ನಡೆದು ಬಂದ ಉಪಕಾರಗಳು ಹೊಸಬರಿಗೂ ಮುಂದುವರಿಯುತ್ತವೆಂಬ ಭರವಸೆಯಿಲ್ಲ. ಆದಕಾರಣ ಮನೆಯನ್ನು ನೋಡಲು ಏಪ್ರಿಲಿನಲ್ಲಿ ಒಮ್ಮೆ, ಆಷಾಢದ ಮಳೆಯಲ್ಲಿ ಇನ್ನೊಮ್ಮೆ ಹೋಗುವುದು ಲೇಸು. ಮೊದಲನೆಯ ಸಲ ಬಾವಿಯನ್ನು ಬಗ್ಗಿ ನೋಡಿರಿ. ಎರಡನೆಯ ಸಲ ಮಾಡನ್ನೂ ದಾರಿಯನ್ನೂ ನೋಡಿರಿ. ಎರಡು ಸಲವೂ ನೆರೆಯವರ ಜಗಲಿಯಲ್ಲಿ ಕುಳಿತು ಒಂದು ಲೋಟ ಕಷಾಯ ಕುಡಿದು ಬನ್ನಿರಿ. ಮಧ್ಯವರ್ತಿ ಹೇಳದೆ ಬಿಟ್ಟದ್ದೆಲ್ಲ ಅಲ್ಲಿ ತಿಳಿಯುತ್ತದೆ.

ಬೀಗ ಬಿದ್ದ ಮನೆಯೆಂದು ಹೇಳಿದ್ದರೂ ಕೆಲವೆಡೆ ಹಿಂಬದಿಯ ಕೋಣೆಯಲ್ಲಿ ವಯಸ್ಸಾದ ಅತ್ತೆಯೋ ದೊಡ್ಡಮ್ಮನೋ ಒಬ್ಬರೇ ವಾಸವಾಗಿರುವುದುಂಟು. “ಅವರು ಮಗನ ಮನೆಗೆ ಹೋಗುತ್ತಾರೆ” ಎಂದು ಮಾರುವವರು ಹೇಳುತ್ತಾರೆ. ಆಕೆಯೂ ಹಕ್ಕುದಾರಳಾಗಿರಬಹುದು, ವಕೀಲರು ಅದನ್ನು ನೋಡಿಕೊಳ್ಳುವರು. ಆದರೆ ಮುಂಗಡ ಕೊಡುವ ಮೊದಲು ನಿಮ್ಮ ಮನೆಯ ಹೆಂಗಸರೊಬ್ಬರು ಅಡಿಗೆಮನೆಯಲ್ಲಿ ಆಕೆಯ ಬಳಿ ಕುಳಿತು, ಹೋಗಲು ಮನಸ್ಸಿದೆಯೇ ಎಂದು ಕೇಳಲಿ. ಇಲ್ಲವೆಂದಾದರೆ ಬೇರೆ ಮನೆ ನೋಡಿರಿ.