ಮೊದಲು ಕಿವಿ, ಆಮೇಲೆ ನಾಲಿಗೆ

ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾ ಮುಗಿಸಿದ ಹುಡುಗನಿಗೆ ಇಂಗ್ಲಿಷ್ ಪುಸ್ತಕ ಅಷ್ಟೇನೂ ಕಷ್ಟವಲ್ಲ. ಓದುತ್ತಾನೆ, ಪರೀಕ್ಷೆಯಲ್ಲಿ ಬರೆದು ಪಾಸೂ ಆಗುತ್ತಾನೆ. ಕಂಪನಿಯವರು ಫೋನಿನಲ್ಲಿ ಸಂದರ್ಶನ ಮಾಡಿದಾಗ ಮಾತ್ರ ಅದೇ ಹುಡುಗ ತಬ್ಬಿಬ್ಬಾಗುತ್ತಾನೆ. ಅವರು ಕೇಳಿದ್ದನ್ನೇ ಚೀಟಿಯಲ್ಲಿ ಬರೆದುಕೊಟ್ಟರೆ ಅದರಲ್ಲಿ ಗೊತ್ತಿಲ್ಲದ ಪದ ಒಂದೂ ಇರುವುದಿಲ್ಲ. ‘ನಿನ್ನ ಗ್ರಾಮರ್ ವೀಕು’ ಎಂದು ಬುದ್ಧಿ ಹೇಳಲು ಹತ್ತು ಜನ ಇದ್ದಾರೆ. ಅವನ ಕಿವಿ ಇನ್ನೂ ಪಳಗಿಲ್ಲ ಎಂದು ಹೇಳುವವರು ಕಡಿಮೆ.

ಕನ್ನಡದಲ್ಲಿ ಬರೆದ ಸ್ವರಗಳು ಹೆಚ್ಚುಕಮ್ಮಿ ಬರೆದಂತೆಯೇ ಕಿವಿಗೆ ಬೀಳುತ್ತವೆ. ಇಂಗ್ಲಿಷಿನ ಜಾಯಮಾನ ಬೇರೆ. ಒತ್ತು ಬಿದ್ದ ಭಾಗ ಎದ್ದು ಕೇಳಿಸುತ್ತದೆ, ಉಳಿದದ್ದು ಕುಗ್ಗಿ ಒಂದು ಮಸುಕು ಸ್ವರವಾಗುತ್ತದೆ. ‘ಫೋಟೊಗ್ರಾಫ್’ನಲ್ಲಿ ಗಟ್ಟಿಯಾಗಿದ್ದ ‘ಫೋ’, ‘ಫೋಟೋಗ್ರಫಿ’ಗೆ ಬರುವಷ್ಟರಲ್ಲಿ ಸೊರಗಿ ಬರೀ ‘ಫ’ ಆಗಿರುತ್ತದೆ, ಒತ್ತು ಮುಂದಿನ ಅಕ್ಷರಕ್ಕೆ ಜಾರಿರುತ್ತದೆ. ‘ವಾಟ್ ಡು ಯು ವಾಂಟ್ ಟು ಡು’ ಎಂದು ನಾವು ಬಿಡಿಬಿಡಿಯಾಗಿ ಕಲಿತದ್ದು ಅಮೆರಿಕದವರ ಬಾಯಲ್ಲಿ ಸುಮಾರಾಗಿ ‘ವಾಡ್ಯವಾನಡೂ’. ಗೊತ್ತಿರುವ ಆರು ಪದಗಳು ಸೇರಿ ಗೊತ್ತಿಲ್ಲದ ಒಂದು ಪದ!

ಇಂಗ್ಲಿಷರ ಕಿವಿ ಈ ಹರಿವನ್ನು ಹೇಗೆ ತುಂಡರಿಸಿಕೊಳ್ಳುತ್ತದೆ? ಆನ್ ಕಟ್ಲರ್ ಎಂಬ ಭಾಷಾ ಮನೋವಿಜ್ಞಾನಿ 1980ರ ದಶಕದಲ್ಲಿ ಇದನ್ನು ಕೆದಕಿದರು. ಇಂಗ್ಲಿಷ್ ಸಂಭಾಷಣೆಯಲ್ಲಿ ಬರುವ ಅರ್ಥವುಳ್ಳ ಪದಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಗಟ್ಟಿ ಸ್ವರದ ಅಕ್ಷರದಿಂದಲೇ ಆರಂಭವಾಗುತ್ತವೆ. ಗಟ್ಟಿ ಅಕ್ಷರ ಬಂತೆಂದರೆ ಹೊಸ ಪದ ಶುರುವಾಯಿತು ಎಂದು ಆ ಕಿವಿ ಎಣಿಸುತ್ತದೆ. ಪ್ರತಿ ಅಕ್ಷರಕ್ಕೂ ಪಾಲು ಹಂಚುವ ನಮ್ಮ ಕಿವಿ ಅಷ್ಟರಲ್ಲಿ ಒಂದು ವಾಕ್ಯ ಹಿಂದೆ ಬಿದ್ದಿರುತ್ತದೆ.

ಇನ್ನು ಕೆಲವು ಧ್ವನಿಭೇದಗಳು ನಮಗೆ ಕೇಳಿಸುವುದೇ ಇಲ್ಲ. ಒಳಗೆ ತೊಡುವ ‘ವೆಸ್ಟ್’, ಪಡುವಣ ದಿಕ್ಕಿನ ‘ವೆಸ್ಟ್’ ಇಂಗ್ಲಿಷಿನಲ್ಲಿ ಬೇರೆ ಬೇರೆ ಉಚ್ಚಾರ. ನಮಗೆ ಎರಡೂ ಒಂದೇ ‘ವ’. ಇದರಲ್ಲಿ ನಾಚುವಂಥದ್ದೇನೂ ಇಲ್ಲ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಶಿಶುಗಳು ಹಿಂದಿಯ ತ-ಟ ವ್ಯತ್ಯಾಸವನ್ನು ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಪಾಲು ಮಾಸಿತ್ತು. ಮನೆಯಲ್ಲಿ ಬೇಕಾಗದ ಭೇದಗಳನ್ನು ಮಿದುಳು ಅಷ್ಟು ಬೇಗ ಬದಿಗಿಡುತ್ತದೆ.

ಬದಿಗಿಟ್ಟದ್ದನ್ನು ಮರಳಿ ಪಡೆಯಬಹುದು ಎಂಬುದೂ ಗೊತ್ತಾಗಿದೆ. ಜಪಾನೀಯರಿಗೆ ಇಂಗ್ಲಿಷಿನ ರ-ಲ ಗೊಂದಲ ಜಗತ್ಪ್ರಸಿದ್ಧ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಡೇವಿಡ್ ಪಿಸೋನಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಅವರಿಗೆ ‘ರಾಕ್’-‘ಲಾಕ್’ ಥರದ ಜೋಡಿಪದಗಳನ್ನು ಕೇಳಿಸಿ, ಸರಿಯೋ ತಪ್ಪೋ ಎಂದು ಆಗಲೇ ತಿಳಿಸುತ್ತ ತರಬೇತಿ ಕೊಟ್ಟರು. ಒಬ್ಬನೇ ವ್ಯಕ್ತಿಯ ದನಿಯಲ್ಲಿ ಕಲಿತವರು ಹೊಸ ದನಿ ಬಂದಾಗ ಎಡವಿದರು. ಹಲವು ದನಿಗಳಲ್ಲಿ ಕಲಿತವರು ಹೊಸಬರ ಮಾತಿನಲ್ಲೂ ಗುರುತಿಸಿದರು. ನನಗೆ ಬಲು ಹಿಡಿಸಿದ್ದು 1997ರ ಫಲಿತಾಂಶ: ಬರೀ ಕೇಳುವ ತರಬೇತಿ ಪಡೆದವರ ಉಚ್ಚಾರಣೆಯೂ ಸುಧಾರಿಸಿತ್ತು. ಅವರಿಗೆ ಉಚ್ಚಾರಣೆಯ ಪಾಠವನ್ನೇ ಯಾರೂ ಮಾಡಿರಲಿಲ್ಲ.

ಹಲವು ದನಿಗಳು ಎಂದರೆ ಮೊದಲೆಲ್ಲ ಪ್ರಯೋಗಾಲಯವೇ ಬೇಕಿತ್ತು. ಈಗ ‘ಯೂಗ್ಲಿಷ್’ ಎಂಬ ತಾಣದಲ್ಲಿ ಒಂದು ಪದ ಟೈಪಿಸಿದರೆ ಸಾಕು, ಯೂಟ್ಯೂಬಿನಲ್ಲಿ ಅದನ್ನು ಯಾರ್‍ಯಾರು ಹೇಗೆ ಹೇಳಿದ್ದಾರೋ ಒಬ್ಬರಾದ ಮೇಲೊಬ್ಬರು ಹೇಳುತ್ತ ಹೋಗುತ್ತಾರೆ. ಬಿಬಿಸಿಯ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಕಂತುಗಳಿಗೂ ಟೆಡ್ ಭಾಷಣಗಳಿಗೂ ಬರೆದಿಟ್ಟ ಪಠ್ಯ ಪುಕ್ಕಟೆಯಾಗಿ ಸಿಗುತ್ತದೆ. ಮೊದಲು ಒಂದು ನಿಮಿಷದ ತುಣುಕನ್ನು ಪಠ್ಯ ನೋಡದೆ ಕೇಳಿ, ಕೇಳಿಸಿದಷ್ಟನ್ನು ಬರೆದುಕೊಳ್ಳಬೇಕು. ಆಮೇಲೆ ಪಠ್ಯ ತೆರೆದು ತಾಳೆ ನೋಡಬೇಕು. ತಪ್ಪಿಹೋದ ಪದ ಗೊತ್ತೇ ಇಲ್ಲದ್ದೋ, ಗೊತ್ತಿದ್ದೂ ಕೇಳಿಸದ್ದೋ? ಮೊದಲನೆಯದಕ್ಕೆ ನಿಘಂಟು ಮದ್ದು, ಎರಡನೆಯದಕ್ಕೆ ಅದೇ ತುಣುಕನ್ನು ಮತ್ತೆ ಮತ್ತೆ ಕೇಳುವುದು. ದಿನಕ್ಕೆ ಹತ್ತು ನಿಮಿಷ ಹೀಗೆ ಕೂತರೆ, ಮೂರು ಗಂಟೆ ಸಿನಿಮಾ ನೋಡಿದ್ದಕ್ಕಿಂತ ಲಾಭ ಎಂಬುದು ನನ್ನ ಅಭಿಪ್ರಾಯ.

ಸಿನಿಮಾ ಬೇಡವೆಂದಲ್ಲ, ಸಬ್‌ಟೈಟಲ್ ಯಾವುದು ಎಂಬುದು ಮುಖ್ಯ. ನೆದರ್ಲೆಂಡ್ಸಿನ ಹೋಲ್ಗರ್ ಮಿಟರರ್ ಮತ್ತು ಜೇಮ್ಸ್ ಮೆಕ್ವೀನ್ 2009ರಲ್ಲಿ ಡಚ್ ವಿದ್ಯಾರ್ಥಿಗಳಿಗೆ ಸ್ಕಾಟಿಷ್ ಮತ್ತು ಆಸ್ಟ್ರೇಲಿಯನ್ ಧಾಟಿಯ ಇಂಗ್ಲಿಷ್ ದೃಶ್ಯಗಳನ್ನು ತೋರಿಸಿದರು. ಇಂಗ್ಲಿಷ್ ಸಬ್‌ಟೈಟಲ್ ಇದ್ದವರಿಗೆ ಆಮೇಲೆ ಆ ಧಾಟಿ ಚೆನ್ನಾಗಿ ತಿಳಿಯಿತು. ಡಚ್ ಸಬ್‌ಟೈಟಲ್ ಓದಿಕೊಂಡು ನೋಡಿದವರು, ಅದೇ ಧಾಟಿಯ ಹೊಸ ಮಾತು ಬಂದಾಗ ಸಬ್‌ಟೈಟಲ್ ಇಲ್ಲದೆ ನೋಡಿದವರಿಗಿಂತಲೂ ಹಿಂದೆ ಬಿದ್ದರು. ಕೇಳಿಸಿದ ಸದ್ದು ಯಾವ ಪದದ್ದು ಎಂದು ಇಂಗ್ಲಿಷ್ ಅಕ್ಷರ ತೋರಿಸಿಕೊಡುತ್ತದೆ, ತಾಯ್ನುಡಿಯ ಅಕ್ಷರ ಬರೀ ಕಥೆ ಹೇಳುತ್ತದೆ. ಯಂತ್ರ ತಾನಾಗಿ ಹಾಕುವ ಅಕ್ಷರಗಳು ಮಾತ್ರ ಆಗಾಗ ಎಡವಟ್ಟು ಮಾಡುತ್ತವೆ, ಎಚ್ಚರ.

ಹಾಗಾದರೆ ಕೇಳುತ್ತ ಕೂತರೆ ಮಾತು ಬಂದೇಬಿಡುತ್ತದೆಯೇ? ಕೆನಡಾದಲ್ಲಿ ಬಹುಪಾಲು ಪಾಠವನ್ನು ಫ್ರೆಂಚಿನಲ್ಲೇ ಕೇಳುತ್ತ ಬೆಳೆದ ಇಂಗ್ಲಿಷ್ ಮಕ್ಕಳಿಗೆ ಫ್ರೆಂಚ್ ಸಲೀಸಾಗಿ ಅರ್ಥವಾಗುತ್ತಿತ್ತು, ಆದರೆ ಮಾತು-ಬರಹದಲ್ಲಿ ತಪ್ಪುಗಳು ಉಳಿದೇ ಇದ್ದವು. ಇದನ್ನು ನೋಡಿ ಭಾಷಾ ಸಂಶೋಧಕಿ ಮೆರಿಲ್ ಸ್ವೇನ್ 1985ರಲ್ಲಿ ಒಂದು ವಾದ ಮುಂದಿಟ್ಟರು: ಕೇಳುವಾಗ ಅರ್ಥ ಹೊಳೆದರೆ ಸಾಕು, ವ್ಯಾಕರಣವನ್ನು ಹಾರಿಸಿಕೊಂಡು ಹೋಗಬಹುದು, ಆಡುವಾಗ ವಾಕ್ಯವನ್ನು ನಾವೇ ಕಟ್ಟಬೇಕು, ಎಲ್ಲಿ ತಿಣುಕುತ್ತೇವೆ ಎಂಬುದು ಆಗಲೇ ತಿಳಿಯುವುದು. ಕೇಳಿದ ತುಣುಕನ್ನೇ ಸ್ವಂತ ಮಾತಿನಲ್ಲಿ ಮೊಬೈಲಿಗೆ ಹೇಳಿ ರೆಕಾರ್ಡ್ ಮಾಡಿಕೊಳ್ಳುವುದು ಅಗ್ಗದ ಉಪಾಯ. ತಮ್ಮ ದನಿ ತಮಗೇ ವಿಚಿತ್ರವೆನಿಸಿ ಅಲ್ಲಿಗೇ ಬಿಡುವವರಿದ್ದಾರೆ. ಮಾತಾಡುವಾಗ ನಮ್ಮ ದನಿ ತಲೆಬುರುಡೆಯ ಮೂಳೆಗಳ ಮೂಲಕವೂ ಒಳಗಿವಿಗೆ ಮುಟ್ಟಿ ದಪ್ಪವಾಗಿ ಕೇಳುತ್ತದೆ, ರೆಕಾರ್ಡಿನಲ್ಲಿ ಆ ಪಾಲು ಇರುವುದಿಲ್ಲ, ಅಷ್ಟೇ.

ಅಮೆರಿಕದವರ ಧಾಟಿಯೇ ಬರಬೇಕೆಂದು ಹಟ ಹಿಡಿಯುವುದು ದಂಡ. ಧಾಟಿ ದಟ್ಟವಾಗಿದ್ದರೂ ಮಾತು ಪೂರ್ತಿ ಅರ್ಥವಾಗಬಲ್ಲದು ಎಂದು ಸಂಶೋಧಕರಾದ ಮರ್ರೆ ಮನ್ರೊ ಮತ್ತು ಟ್ರೇಸಿ ಡರ್ವಿಂಗ್ 1995ರಲ್ಲೇ ತೋರಿಸಿದ್ದಾರೆ. ಮೈಸೂರು ಧಾಟಿಯ ಇಂಗ್ಲಿಷಿಗೂ ಕೆಲಸ ಸಿಗುತ್ತದೆ.

ಇನ್ನು ಬರವಣಿಗೆಗೆ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ಮಾಡಿಕೊಂಡ ಕ್ರಮವನ್ನು ಮೀರಿಸಿದ್ದು ನನಗೆ ಕಂಡಿಲ್ಲ. ‘ಸ್ಪೆಕ್ಟೇಟರ್’ ಪತ್ರಿಕೆಯ ಒಂದು ಪ್ರಬಂಧ ಓದಿ, ವಾಕ್ಯಕ್ಕೊಂದು ಸುಳುಹು ಗುರುತು ಹಾಕಿಕೊಂಡು, ಕೆಲವು ದಿನ ಎತ್ತಿಡುತ್ತಿದ್ದ. ಆಮೇಲೆ ಮೂಲವನ್ನು ನೋಡದೆ ತಾನೇ ಬರೆದು, ಎರಡನ್ನೂ ಹೋಲಿಸಿ ತಿದ್ದಿಕೊಳ್ಳುತ್ತಿದ್ದ. ಇಂದು ಸ್ಪೆಕ್ಟೇಟರ್ ಜಾಗದಲ್ಲಿ ಬಿಬಿಸಿಯ ಪುಟ್ಟ ಸುದ್ದಿಯೊಂದನ್ನು ಇಟ್ಟುಕೊಳ್ಳಬಹುದು. ತಿದ್ದಲು ಚಾಟ್‌ಬಾಟನ್ನೂ ಕರೆಯಬಹುದು, ಆದರೆ ಸ್ವಂತ ಕರಡು ಮುಗಿದ ಮೇಲೆ. ಪೂರಾ ಬರೆದುಕೊಡು ಎಂದು ಮೊದಲೇ ಕೇಳಿದರೆ ಅಭ್ಯಾಸವಾಗುವುದು ಚಾಟ್‌ಬಾಟಿಗೆ.