ಫೇಲಾಗದಿದ್ದರೂ ನೆರವು ನಿಲ್ಲುತ್ತದೆಯೇ?

ಪ್ರಶ್ನೆ: ಅಮೆರಿಕದಲ್ಲೇ ಹುಟ್ಟಿ ಬೆಳೆದ ನಮ್ಮಣ್ಣನ ಮಗಳು ಅಲ್ಲಿನ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಯಾವ ವಿಷಯದಲ್ಲೂ ಫೇಲಾಗಿಲ್ಲ. ಆದರೂ ಸರ್ಕಾರದ ಹಣಕಾಸು ನೆರವು ನಿಲ್ಲಬಹುದೆಂದು ಎಚ್ಚರಿಕೆ ಬಂದಿದೆಯಂತೆ. ಹೀಗೂ ಉಂಟೇ?

ಉತ್ತರ: ಉಂಟು. ಪೆಲ್ ಗ್ರಾಂಟ್, ಫೆಡರಲ್ ಸಾಲ ಮುಂತಾದ ನೆರವು ಮುಂದುವರಿಯಬೇಕಾದರೆ ಪಾಸಾದರಷ್ಟೇ ಸಾಲದು. ಕಾಲೇಜು ಮೂರು ಲೆಕ್ಕ ನೋಡುತ್ತದೆ. ಒಂದು, ಸರಾಸರಿ ಗ್ರೇಡು. ಪದವಿ ತರಗತಿಗಳಿಗೆ ಸಾಮಾನ್ಯವಾಗಿ 4ಕ್ಕೆ 2 ಇರಬೇಕು. ಎರಡು, ವೇಗ, ದಾಖಲಾದ ಕ್ರೆಡಿಟ್‌ಗಳಲ್ಲಿ ಮುಗಿಸಿದ್ದೆಷ್ಟು ಎಂಬುದು. ಅನೇಕ ಕಾಲೇಜುಗಳು ಶೇ. 67 ಕೇಳುತ್ತವೆ. ಮೂರು, ಗರಿಷ್ಠ ಮಿತಿ. 120 ಕ್ರೆಡಿಟ್‌ಗಳ ಪದವಿಯನ್ನು 180 ಕ್ರೆಡಿಟ್‌ ದಾಟದೆ ಮುಗಿಸಬೇಕು.

ನಿಮ್ಮ ಹುಡುಗಿ ಎಡವಿರುವುದು ಬಹುಶಃ ಎರಡನೆಯದರಲ್ಲಿ. ಸೆಮಿಸ್ಟರ್ ನಡುವೆ ಕೈಬಿಟ್ಟ ಕೋರ್ಸಿಗೆ ಅಂಕಪಟ್ಟಿಯಲ್ಲಿ ‘ಡಬ್ಲ್ಯೂ’ ಬೀಳುತ್ತದೆ. ಅದು ಸರಾಸರಿಯನ್ನು ಮುಟ್ಟುವುದಿಲ್ಲ, ಆದರೆ ವೇಗವನ್ನು ತಗ್ಗಿಸುತ್ತದೆ. 30 ಕ್ರೆಡಿಟ್‌ಗೆ ದಾಖಲಾಗಿ 12 ಬಿಟ್ಟರೆ ವೇಗ ಶೇ. 60ಕ್ಕೆ ಇಳಿಯಿತು.

ಕಾಯಿಲೆಯೋ ಮನೆಯಲ್ಲಿ ಸಾವೋ ಕಾರಣವಾಗಿದ್ದರೆ, ಕಾಲೇಜಿನ ನಿಯಮದಲ್ಲಿ ಅವಕಾಶವಿದ್ದಲ್ಲಿ, ದಾಖಲೆ ಸಮೇತ ಮೇಲ್ಮನವಿ ಸಲ್ಲಿಸಲಿ. ಇನ್ನು ಮುಂದೆ ಯಾವುದೇ ಕೋರ್ಸ್ ಬಿಡುವ ಮೊದಲು ಫೈನಾನ್ಷಿಯಲ್ ಏಡ್ ಕಚೇರಿಯಲ್ಲಿ ವಿಚಾರಿಸಲು ಹೇಳಿ.